ಡಬ್ಬಿಯ ಮೇಲಿನ ದಾರ

ಫೆಬ್ರವರಿ 3

ಅಕ್ಕಾ,

ಮೀಸೆ ಅಣ್ಣನ ಲಾರಿ ಇವತ್ತು ನಿಮ್ಮ ಕಡೆ ಹೊರಟಿದೆ. ಅವನ ಕೈಯಲ್ಲಿ ನನ್ನ ಎರಡು ಅಂಗಿ ಕಳಿಸಿದ್ದೇನೆ. ಕಾಲರ್ ಸವೆದಿದೆ, ಬಿಚ್ಚಿ ತಿರುವಿ ಹೊಲಿದುಕೊಡು. ಈ ಕಾಗದ ನೀಲಿ ಅಂಗಿಯ ಜೇಬಿನಲ್ಲಿ ಇರುತ್ತದೆ. ಹೋದ ಸಲದ ಹಾಗೆ ಕಾಗದ ಸಮೇತ ನೆನೆಹಾಕಬೇಡ. ನನ್ನ ಅಕ್ಷರ ಮೊದಲೇ ಕೋಳಿ ಕೆದರಿದ ಹಾಗಿದೆ.

ಜೇಬಿನಲ್ಲಿ ಇನ್ನೊಂದು ಚೀಟಿ ಇದೆ. ನಾನು ಕೆಲಸ ಮಾಡುವ ಲಾರಿ ಕಾಟಾದ್ದು. ಇವತ್ತು ಬೆಳಿಗ್ಗೆ ತೂಕಕ್ಕೆ ಒಂದು ಲಾರಿಯೂ ಬಂದಿರಲಿಲ್ಲ. ಅರವತ್ತು ಟನ್ ಹೊರುವ ಕಬ್ಬಿಣದ ಹಾಸಿನ ನಟ್ಟನಡುವೆ ನಾನೊಬ್ಬನೇ ಹೋಗಿ ನಿಂತು, ಒಳಗೆ ಗುಂಡಿ ಒತ್ತಲು ಮೀಸೆ ಅಣ್ಣನಿಗೆ ಹೇಳಿದೆ. 80 ಕಿಲೋ ಎಂದು ಬಂತು. ಎರಡು ವರ್ಷದ ಹಿಂದೆ ಅದೇ ಜಾಗದಲ್ಲಿ ನಿಂತಾಗ 110 ಬಂದಿತ್ತು. ಇಳಿಸುವುದಕ್ಕೆ ಒಂದು ವರ್ಷ ಹಿಡಿಯಿತು. ಇಳಿಸಿದ್ದನ್ನು ಉಳಿಸಿಕೊಂಡು ಇವತ್ತಿಗೆ ಒಂದು ವರ್ಷವಾಯಿತು.

ನೀನು ಬಿಸ್ಕತ್ತಿನ ವಿಷಯ ಕೇಳಿದ್ದೆ. ಬಿಸ್ಕತ್ತು ಫ್ಯಾಕ್ಟರಿಯ ಲಾರಿಗಳು ಈಗಲೂ ತೂಕಕ್ಕೆ ಇಲ್ಲಿಗೇ ಬರುತ್ತವೆ. ಡ್ರೈವರ್‌ಗಳು ಈಗಲೂ ಪ್ರೀತಿಯಿಂದ ಮುರುಕು ಬಿಸ್ಕತ್ತಿನ ಚೀಲ ತಂದು ನನ್ನ ಕಿಟಕಿಯಲ್ಲಿಟ್ಟು ಹೋಗುತ್ತಾರೆ. ಬೇಡವೆಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅದನ್ನೆಲ್ಲ ಗೇಟಿನ ನಾಯಿಗೆ ಹಾಕುತ್ತೇನೆ. ನಾಯಿ ಈಗ ನನ್ನ ಹಳೆಯ ಗಾತ್ರಕ್ಕೆ ಬಂದಿದೆ.

ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ


ಫೆಬ್ರವರಿ 19

ಗುಂಡಾ,

ಎಂಬತ್ತು ಕಿಲೋ ಆದವನನ್ನು ಹೀಗೆ ಕರೆಯಬಾರದು, ಗೊತ್ತು. ಆದರೆ ನಲವತ್ತು ವರ್ಷ ಕರೆದ ನಾಲಿಗೆ, ಕಾಲರ್ ತಿರುವಿದಷ್ಟು ಸುಲಭವಾಗಿ ತಿರುಗುವುದಿಲ್ಲ.

ಚೀಟಿ ನೋಡಿ ಎಷ್ಟು ಸಂತೋಷವಾಯಿತೆಂದು ಹೇಗೆ ಬರೆಯಲಿ? ಅದನ್ನು ಹೊಲಿಗೆ ಮೆಷಿನ್ನಿನ ಮೇಲಿನ ಗೋಡೆಗೆ ಗುಂಡುಸೂಜಿಯಲ್ಲಿ ಚುಚ್ಚಿಟ್ಟಿದ್ದೇನೆ. ರವಿಕೆ ಸಡಿಲ ಮಾಡಿಸಲು ಬರುವವರೆಲ್ಲ ಅದನ್ನು ಓದಿ ನಿಟ್ಟುಸಿರು ಬಿಡುತ್ತಾರೆ. ಒಬ್ಬರಂತೂ, "ನಿಮ್ಮ ತಮ್ಮನ್ನ ಲಾರಿ ತೂಗೋ ಕಡೆ ಯಾಕೆ ತೂಗ್ಸಿದ್ರಿ, ಅಷ್ಟಿದ್ರಾ?" ಎಂದು ಕೇಳಿದರು. ನಾನು ನಗು ತಡೆದುಕೊಂಡು ಅಳತೆ ತೆಗೆದೆ.

ಜೂನ್ ಮೊದಲ ಭಾನುವಾರ ನನ್ನ ಅಂಗಡಿ ಹೊಸ ಕೋಣೆಗೆ ಹೋಗುತ್ತದೆ. ಬೀದಿಗೆ ಮುಖ ಮಾಡಿದ ಕೋಣೆ, ಎರಡು ಕಿಟಕಿ. ನಿನ್ನ ಭಾವ ಕೊನೆಗೂ ಬಟ್ಟೆ ಕತ್ತರಿಸುವ ಮೇಜು ಮಾಡುತ್ತಿದ್ದಾರೆ. ಊರಿಗೆಲ್ಲ ಮೇಜು ಮಾಡಿಕೊಡುವ ಬಡಗಿಯ ಹೆಂಡತಿ ಹದಿನೆಂಟು ವರ್ಷದಿಂದ ನೆಲದ ಮೇಲೆ ಬಟ್ಟೆ ಹಾಸಿಕೊಂಡು ಕತ್ತರಿಸುತ್ತಿದ್ದಳು ಎಂದರೆ ಯಾರಾದರೂ ನಂಬುತ್ತಾರೆಯೇ? ನೀನು ಬರಲೇಬೇಕು. ನೀನು ಬರದೆ ನಾನು ಬಾಗಿಲು ತೆಗೆಯುವುದಿಲ್ಲ.

ಕಾಲರ್ ಎರಡೂ ಆಗಿವೆ. ನೀಲಿ ಅಂಗಿಯ ಪಕ್ಕದ ಹೊಲಿಗೆಯೂ ಸ್ವಲ್ಪ ಕೆಟ್ಟಿತ್ತು, ಸರಿ ಮಾಡಿದ್ದೇನೆ. ಊಟ ಹೊತ್ತಿಗೆ ಸರಿಯಾಗಿ ಮಾಡು.

ಅಕ್ಕ


ಮಾರ್ಚ್ 6

ಅಕ್ಕಾ,

ನಿನ್ನ ಕೈಗುಣವೇ ಗುಣ. ನೀಲಿ ಅಂಗಿ ಹಾಕಿಕೊಂಡರೆ ಹೊಸದರ ಹಾಗಿದೆ. ಎದೆಯ ಹತ್ತಿರ ಗುಂಡಿ ಸಲೀಸಾಗಿ ಕೂರುತ್ತದೆ. ನಿಜ ಹೇಳಬೇಕೆಂದರೆ, ಮೈ ಸ್ವಲ್ಪ ಬಂದಿರಬಹುದೇ ಎಂದು ನನಗೆ ಜನವರಿಯಿಂದ ಒಂದು ಅನುಮಾನವಿತ್ತು. ಅಂಗಿ ಹಾಕಿದ ಮೇಲೆ ಅದು ಹೋಯಿತು. ಅಂಗಿಗಿಂತ ದೊಡ್ಡ ಸಾಕ್ಷಿ ಬೇಕೇ?

ಹೊಸ ಚೀಟಿ ಇಟ್ಟಿದ್ದೇನೆ. ಇವತ್ತೂ 80. ಅಪರೂಪಕ್ಕೆ ಒಂದಿಷ್ಟು ಬಿಸ್ಕತ್ತು ತಿಂದರೂ ಏನೂ ಆಗುವುದಿಲ್ಲ ಎಂದು ಈಗ ಧೈರ್ಯ ಬಂದಿದೆ. ಇನ್ನೆರಡು ಅಂಗಿ, ಒಂದು ಪ್ಯಾಂಟು ಕಳಿಸಿದ್ದೇನೆ. ಪ್ಯಾಂಟಿನ ಕೊಕ್ಕೆ ಕಿತ್ತುಬಂದಿದೆ. ಕೊಕ್ಕೆಯದೇ ತಪ್ಪು, ಅಗ್ಗದ್ದು.

ಜೂನಿಗೆ ಖಂಡಿತ ಬರುತ್ತೇನೆ. ಮೀಸೆ ಅಣ್ಣನ ಪಕ್ಕದ ಸೀಟು ಈಗಲೇ ಹಿಡಿದಿಟ್ಟಿದ್ದೇನೆ.

ತಮ್ಮ


ಮಾರ್ಚ್ 21

ಗುಂಡಾ,

ಎರಡನೆಯ ಚೀಟಿಯನ್ನು ಮೊದಲನೆಯದರ ಪಕ್ಕ ಚುಚ್ಚಿದ್ದೇನೆ. ಪಕ್ಕದ ಔಷಧಿ ಅಂಗಡಿಯವರು ನಿನ್ನನ್ನು ನೋಡಲೇಬೇಕಂತೆ. ಮೂವತ್ತು ಕಿಲೋ ಇಳಿಸಿದವರನ್ನು ಕಂಡಿದ್ದಾರಂತೆ, ಒಂದು ವರ್ಷ ಅಲ್ಲೇ ನಿಂತವರನ್ನು ಕಂಡಿಲ್ಲವಂತೆ. ಬೀದಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ಜೂನಿಗೆ ನೋಡುವಿರಂತೆ ಎಂದು. ಭಾವ, "ಅವನ್ನೇನು ಪ್ರದರ್ಶನಕ್ಕೆ ಇಡ್ತೀಯಾ?" ಎಂದು ರೇಗಿಸಿದರು. ಇಡುತ್ತೇನೆ. ನನ್ನ ತಮ್ಮ, ನನ್ನಿಷ್ಟ.

ಕೊಕ್ಕೆ ಬದಲಾಯಿಸಿದ್ದೇನೆ. ಅಂಗಿಗಳನ್ನೂ ನೋಡಿದ್ದೇನೆ. ಹಾಕಿಕೊಂಡು ಹೇಗಿದೆ ಎಂದು ಬರೆ.

ಅಕ್ಕ


ಮೇ 2

ಅಕ್ಕಾ,

ಕೆಲಸ ಜಾಸ್ತಿ. ಜೂನಿನಲ್ಲಿ ರಜೆ ಸಿಗುವುದು ಕಷ್ಟ. ನನಗಾಗಿ ಕಾಯಬೇಡಿ, ಅಂಗಡಿ ತೆಗೆದುಬಿಡಿ.

ತಮ್ಮ


ಮೇ 10

ತಮ್ಮಾ,

ಆರು ವಾರದ ಮೇಲೆ ಮೂರು ಸಾಲಿನ ಕಾಗದ. ಅದರಲ್ಲಿ "ತೆಗೆದುಬಿಡಿ" ಎಂದು ಬಹುವಚನ. ನಾನೇನು ನಿನ್ನ ಕಾಟಾಕ್ಕೆ ಬಂದ ಲಾರಿಯ ಮಾಲೀಕಳೇ?

ಗುಂಡ ಎಂದು ಬರೆದಿದ್ದಕ್ಕೆ ಬೇಸರವಾಯಿತೇ? ಅಥವಾ ಭಾವನ ಆ ಪ್ರದರ್ಶನದ ಮಾತಿಗೆ? ಅವರು ಪಾಪ, ನಾಲ್ಕು ದಿನದಿಂದ ಮೇಜಿಗೆ ಉಪ್ಪುಕಾಗದ ತಿಕ್ಕುತ್ತಾ, "ನನ್ನಿಂದಾನೇ ಆಗಿದ್ದು ಇದು" ಎಂದು ಗೊಣಗುತ್ತಿದ್ದಾರೆ. ಇನ್ನು ಮುಂದೆ ಗುಂಡ ಎನ್ನುವುದಿಲ್ಲ. ಭಾವನೂ ತಮಾಷೆ ಮಾಡುವುದಿಲ್ಲ, ಅವರ ಕೈಯಲ್ಲಾದಷ್ಟು. ಏನಿದ್ದರೂ ನೇರ ಬರೆ.

ಅಕ್ಕ


ಮೇ 18

ಅಕ್ಕಾ,

ನೇರ ಬರೆ ಎಂದೆಯಲ್ಲ, ಬರೆಯುತ್ತೇನೆ. ಮೊದಲು ನಿನ್ನ ತಪ್ಪು, ಆಮೇಲೆ ನನ್ನದು.

ಹೋದ ಭಾನುವಾರ ನೀಲಿ ಅಂಗಿಯನ್ನು ಒಳಮೈ ಮಾಡಿ ಇಸ್ತ್ರಿ ಹಾಕುತ್ತಿದ್ದೆ. ಪಕ್ಕದ ಹೊಲಿಗೆಯ ಗುಂಟ ಕಂಕುಳಿನಿಂದ ಕೆಳತನಕ ಇನ್ನೊಂದು ಸಾಲು ಸಣ್ಣ ಸಣ್ಣ ತೂತು ಕಂಡಿತು. ಹಳೆಯ ಹೊಲಿಗೆ ಬಿಚ್ಚಿದ ಗುರುತು. ತಿರುಗಿಸಿ ನೋಡಿದರೆ ಹೊರಗೆ ಅರ್ಧ ಬೆರಳಿನಷ್ಟು ಪಟ್ಟಿ ಮಾತ್ರ ಕಡುನೀಲಿ, ಬಿಸಿಲು ಕಾಣದ ಬಟ್ಟೆ. ಮಾರ್ಚಿನಲ್ಲಿ ಕಳಿಸಿದ ಎರಡು ಅಂಗಿಯಲ್ಲೂ ಹಾಗೇ. ಪ್ಯಾಂಟಿನ ಸೊಂಟದಲ್ಲೂ. ನೀನು ನನಗೆ ಹೇಳದೆ ಎಲ್ಲವನ್ನೂ ಬಿಚ್ಚಿ ಅಗಲ ಮಾಡಿದ್ದೀಯ. ನಾನು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಹಿಗ್ಗಿದ್ದೇನೆ. ನಿನಗೆ ಎಷ್ಟು ನಗು ಬಂದಿರಬೇಕು. ಒಂದು ದಿನ ಪೂರ್ತಿ ನಿನ್ನ ಮೇಲೆ ಕೆಂಡದಂಥ ಕೋಪ ಇತ್ತು.

ಎರಡನೇ ದಿನ ಕೋಪ ಇಳಿದು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗಾಯಿತು ನನ್ನ ಕಥೆ. ಈಗ ನನ್ನದು ಕೇಳು.

ಆ ಚೀಟಿಗಳು ಸುಳ್ಳು. ಅಂದರೆ ಕಾಟಾ ಸುಳ್ಳು ಹೇಳಿಲ್ಲ, ನಾನು ಹೇಳಿಸಿದೆ. ಲಾರಿ ಕಾಟಾ ಹತ್ತು ಹತ್ತು ಕಿಲೋ ಲೆಕ್ಕದಲ್ಲೇ ತೋರಿಸುವುದು. ಎಪ್ಪತ್ತಾರಕ್ಕೂ ಎಂಬತ್ತು, ಎಂಬತ್ನಾಲ್ಕಕ್ಕೂ ಎಂಬತ್ತು. ನಿನಗೆ ಇದು ಗೊತ್ತಿಲ್ಲವೆಂದು ನನಗೆ ಗೊತ್ತಿತ್ತು. ಹೋದ ವರ್ಷ ಆಸ್ಪತ್ರೆಯ ತಕ್ಕಡಿಯಲ್ಲಿ ಎಪ್ಪತ್ತೇಳು ಇದ್ದೆ. ಮೊದಲ ಚೀಟಿ ಕಳಿಸಿದ ದಿನ ಎಂಬತ್ತೊಂದೋ ಎರಡೋ ಇದ್ದಿರಬೇಕು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದೆ. ಏಪ್ರಿಲ್ ಕೊನೆಗೆ ಮತ್ತೆ ಹಾಸಿನ ಮೇಲೆ ನಿಂತೆ, ಮೀಸೆ ಅಣ್ಣ ಗುಂಡಿ ಒತ್ತಿ ಕಿಟಕಿಯಿಂದ ಕೂಗಿ ಹೇಳಿದ, "ತೊಂಬತ್ತು". ಎಂಬತ್ತೈದು ದಾಟಿದೆ ಅಷ್ಟೇ ಎಂದು ಈ ಕೆಲಸದಲ್ಲಿ ಹತ್ತೊಂಬತ್ತು ವರ್ಷ ಕಳೆದ ನನಗೆ ಗೊತ್ತಿಲ್ಲವೇ? ಗೊತ್ತಿದ್ದೂ ಎಲ್ಲ ಹೋಯಿತು, ಹಳೆಯ ನಾನು ಗೇಟಿನವರೆಗೆ ಬಂದು ನಿಂತಿದ್ದಾನೆ ಅನ್ನಿಸಿತು. ನೀನು ಬೀದಿಗೆಲ್ಲ ಹೇಳಿ ಕೂತಿದ್ದೀಯ. ಆ ಹೊಟ್ಟೆ ಹೊತ್ತುಕೊಂಡು ನಿನ್ನ ಹೊಸ ಬಾಗಿಲಿಗೆ ಹೇಗೆ ಬರಲಿ? ಅದಕ್ಕೇ ರಜೆ ಇಲ್ಲ ಎಂದು ಬರೆದೆ. ರಜೆ ಬೇಕಾದಷ್ಟಿದೆ.

ಬಿಸ್ಕತ್ತು ನಾಯಿಗೆ ಹೋಗುತ್ತಿರಲಿಲ್ಲ, ಅಕ್ಕಾ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇಲ್ಲಿ ಲಾರಿ ಬರುವುದಿಲ್ಲ. ನಾನು, ಫ್ಯಾನು, ಕಿಟಕಿಯ ಮೇಲಿನ ಚೀಲ. ಹಸಿವಿರುವುದಿಲ್ಲ, ಊಟ ಆಗಿರುತ್ತದೆ. ಒಂದು ತುಂಡು ಎಂದು ಕೈ ಹಾಕುತ್ತೇನೆ. ಮುರುಕು ಬಿಸ್ಕತ್ತಿನಲ್ಲಿ ಇದೇ ಮೋಸ, ಎಷ್ಟು ತಿಂದೆ ಎಂದು ಲೆಕ್ಕ ಸಿಗುವುದಿಲ್ಲ. ಬಾಗಿಲ ಕಡೆ ಬೆನ್ನು ಮಾಡಿ, ನಿಂತುಕೊಂಡೇ, ರುಚಿ ಕೂಡ ಗೊತ್ತಾಗದಷ್ಟು ಬೇಗ ತಿನ್ನುತ್ತೇನೆ. ಚೀಲದ ತಳದ ಪುಡಿ ಬಾಯಿಗೆ ಸುರಿದುಕೊಂಡ ಮೇಲೆ ಮೈಗೆ ಎಚ್ಚರ ಬರುತ್ತದೆ. ಆಮೇಲೆ ಅವತ್ತು ರಾತ್ರಿ ಊಟ ಬಿಡುತ್ತೇನೆ, ಮರುದಿನ ಬೆಳಿಗ್ಗೆ ಏನೂ ತಿನ್ನುವುದಿಲ್ಲ, ಶಿಕ್ಷೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕತ್ತಲೆ ಬರುವಷ್ಟು ಹಸಿದು ಮತ್ತೆ ಇನ್ನೊಂದು ಚೀಲ. ಏಪ್ರಿಲ್ ಪೂರ್ತಿ ಹೀಗೇ ಕಳೆಯಿತು.

ನಿನ್ನೆ ನಮ್ಮ ಕಾಟಾಕ್ಕೆ ಮುದ್ರೆ ಹಾಕುವ ಸಾಹೇಬರು ಬಂದಿದ್ದರು. ವರ್ಷಕ್ಕೊಮ್ಮೆ ಕಬ್ಬಿಣದ ತೂಕದ ಬಟ್ಟು ತಂದು ಪರೀಕ್ಷೆ ಮಾಡುತ್ತಾರೆ. ಸ್ವಲ್ಪ ವ್ಯತ್ಯಾಸ ಬಂತು, ನಾನು ಗಾಬರಿಯಾದೆ. ಅವರು ಚಹಾ ಕುಡಿಯುತ್ತಾ, "ಇಷ್ಟು ಹೆಚ್ಚುಕಮ್ಮಿ ಇರ್ಲಿ ಅಂತ ಕಾನೂನೇ ಬಿಟ್ಟಿದೆ ಕಣಯ್ಯ. ಒಂಚೂರೂ ತಪ್ಪದೇ ಇರೋ ತಕ್ಕಡಿ ಎಲ್ಲಿದೆ ತೋರ್ಸು. ಮೀರಿದ್ರೆ ಸರಿ ಮಾಡೋದು, ಅಷ್ಟೇ. ಕಿತ್ತು ಬಿಸಾಡೋದಲ್ಲ" ಎಂದರು. ಕಬ್ಬಿಣಕ್ಕೆ ಹೇಳಿದ ಮಾತು. ಆದರೂ ಅದನ್ನು ಕೇಳಿಯೇ ನನಗೆ ಈ ಕಾಗದ ಬರೆಯುವ ಬುದ್ಧಿ ಬಂತು.

ಚೀಟಿಗಳನ್ನು ಗೋಡೆಯಿಂದ ತೆಗೆದುಬಿಡು. ನಾಚಿಕೆಯಾಗುತ್ತದೆ.

ತಮ್ಮ


ಮೇ 23

ನನ್ನ ಗುಂಡಾ,

ಹೀಗೇ ಕರೆಯುತ್ತೇನೆ, ಏನು ಮಾಡಿಕೊಳ್ಳುತ್ತೀಯೋ ಮಾಡಿಕೋ.

ಕಾಗದವನ್ನು ಮೊದಲು ನಾನು ಓದಿದೆ, ಆಮೇಲೆ ಭಾವನಿಗೆ ಓದಿ ಹೇಳಿದೆ. ಅವರು ಉಪ್ಪುಕಾಗದ ಕೆಳಗಿಟ್ಟು, "ಸದ್ಯ, ನನ್ನಿಂದ ಅಲ್ಲ" ಎಂದರು.

ನನಗೆ ಫೆಬ್ರವರಿಯಲ್ಲೇ ಗೊತ್ತಾಗಿತ್ತು. ಕಾಲರ್ ತಿರುವಲು ಅಂಗಿ ಹಾಸಿದೆ. ಮೂರನೆಯ ನಾಲ್ಕನೆಯ ಗುಂಡಿಯ ಕಾಜಾ ಉದ್ದಕ್ಕೆ ಹಿಗ್ಗಿದ್ದವು, ಪಕ್ಕದ ದಾರ ಎಳೆದುಕೊಂಡು ನಿಂತಿತ್ತು. ಬಟ್ಟೆ ನನ್ನ ಹತ್ತಿರ ಏನನ್ನೂ ಮುಚ್ಚಿಡುವುದಿಲ್ಲ. ಅದರ ಮೇಲೆ ಮೀಸೆ ಅಣ್ಣನನ್ನು ಕೇಳಿದೆ, ಗೇಟಿನ ನಾಯಿ ತುಂಬಾ ದಪ್ಪಗಾಗಿದೆಯಂತಲ್ಲ ಎಂದು. ಅವನು, "ಯಾವ್ದಮ್ಮಾ? ಆ ಮೂಳೆಚಕ್ಕಳಾನಾ? ಗಾಳಿ ಬಂದ್ರೆ ಹಾರ್ಹೋಗತ್ತೆ ಅದು" ಎಂದ.

ಗೊತ್ತಾದ ಮೇಲೆ ಕೇಳಬೇಕಿತ್ತು. ಕೇಳಿದರೆ ನೀನು ಕುಗ್ಗುತ್ತೀಯ, ಸುಮ್ಮನೆ ಅರ್ಧ ಬೆರಳು ಬಿಟ್ಟುಕೊಟ್ಟರೆ ಅಷ್ಟರಲ್ಲಿ ನೀನೇ ಸರಿಹೋಗುತ್ತೀಯ ಅಂದುಕೊಂಡೆ. ನಗಲಿಲ್ಲ ಕಣೋ. ಅಂಗಿ ಸರಿಯಾಗಿದೆ ಎಂದು ನೀನು ಹಿಗ್ಗಿ ಬರೆದ ಕಾಗದವನ್ನು ಎರಡನೇ ಸಲ ಓದಲಾಗದೆ ಮಡಿಚಿಟ್ಟೆ. ನಿನ್ನ ಸುಳ್ಳಿಗೆ ದಾರ ಪೋಣಿಸಿ ಕೊಟ್ಟವಳು ನಾನು. ತಪ್ಪಾಯಿತು.

ಇನ್ನೊಂದು ಇದೆ. ಈ ಕೊರಗನ್ನು ನಾನು ಯಾರಿಗೂ ಹೇಳಿಲ್ಲ, ಭಾವನಿಗೂ.

ನಮ್ಮ ಮನೆಯ ಬಿಸ್ಕತ್ತಿನ ತಗಡಿನ ಡಬ್ಬಿ ನೆನಪಿದೆಯೇ, ಅಮ್ಮನ ಬೀರುವಿನ ಮೇಲೆ ಇರುತ್ತಿತ್ತಲ್ಲ? ನಿನಗೆ ಎಂಟು ವರ್ಷ. ಬಿಸ್ಕತ್ತು ಖಾಲಿಯಾಗುತ್ತಿದೆ, ಯಾರೆಂದು ನೋಡು ಎಂದು ಅಮ್ಮ ನನಗೆ ಹೇಳಿದಳು. ನಾನು ಮುಚ್ಚಳದ ಮೇಲೆ ಅಡ್ಡಕ್ಕೆ ಒಂದು ಬಿಳಿ ದಾರ ಇಟ್ಟೆ, ಯಾರು ತೆಗೆದರೂ ಬಿದ್ದುಹೋಗುವ ಹಾಗೆ. ಕೊನೆಗೊಂದು ದಿನ ದಾರ ನೆಲದ ಮೇಲಿತ್ತು, ನಿನ್ನ ಅಂಗಿಯ ಮೇಲೆ ಪುಡಿ ಇತ್ತು. ಊಟಕ್ಕೆ ಕೂತಾಗ ನೆಂಟರೆಲ್ಲರ ಮುಂದೆ ನಾನು ಅದನ್ನು ದೊಡ್ಡ ಜಾಣತನದಂತೆ ಹೇಳಿದೆ. ಎಲ್ಲರೂ ನಕ್ಕರು. ಅಪ್ಪ ನಿನ್ನ ಹೊಟ್ಟೆ ಹಿಂಡಿ ತೋರಿಸಿದರು. ನೀನು ತಟ್ಟೆ ಬಿಟ್ಟು ಎದ್ದುಹೋದೆ. ಅವತ್ತಿನಿಂದ ನೀನು ಯಾರ ಮುಂದೆಯೂ ಹೊಟ್ಟೆ ತುಂಬ ತಿಂದಿದ್ದನ್ನು ನಾನು ಕಂಡಿಲ್ಲ. ನೀನು ಬಾಗಿಲಿಗೆ ಬೆನ್ನು ಮಾಡಿ ತಿನ್ನುತ್ತೇನೆ ಎಂದು ಬರೆದ ಸಾಲು ಓದಿದಾಗ, ಅದನ್ನು ಕಲಿಸಿದವಳು ನಾನೇ ಅನ್ನಿಸಿ ಮೆಷಿನ್ ನಿಲ್ಲಿಸಿ ಅತ್ತೆ. ಮೂವತ್ತೈದು ವರ್ಷದಿಂದ ಆ ದಾರ ನನ್ನ ಕೈಗೆ ಸುತ್ತಿಕೊಂಡಿದೆ.

ಚೀಟಿಗಳನ್ನು ತೆಗೆದಿದ್ದೇನೆ. ಬೀದಿಯವರು ಕೇಳಿದರೆ ಕಾಟಾ ರಿಪೇರಿಗೆ ಹೋಗಿದೆ ಅನ್ನುತ್ತೇನೆ. ನೀನು ಬಾ. ಎಂಬತ್ತೈದಾದರೂ ಬಾ, ನೂರಾಹನ್ನೆರಡಾದರೂ ಬಾ. ಬಂದು ನನ್ನ ಹೊಸ ಮೇಜಿನ ಮುಂದೆ ನಿಲ್ಲು, ಟೇಪು ಹಿಡಿದು ನಿನ್ನ ಮುಂದೆಯೇ ಅಳತೆ ತೆಗೆದು, ಬಂದಿದ್ದನ್ನು ಬರೆದುಕೊಳ್ಳುತ್ತೇನೆ. ಹೊಟ್ಟೆ ಒಳಗೆ ಎಳೆದುಕೊಂಡು ಮಾತ್ರ ನಿಲ್ಲಬೇಡ, ಆಮೇಲೆ ಅಂಗಿ ಕೆಡುತ್ತದೆ.

ಅಕ್ಕ


ಮೇ 29

ಅಕ್ಕಾ,

ನಿನ್ನ ಕಾಗದ ಓದಿ ನಾನು ಅಳಬೇಕಿತ್ತು. ಕಾಟಾದ ಕೋಣೆಯಲ್ಲಿ ಒಬ್ಬನೇ ಕೂತು ನಕ್ಕ ನಗುವಿಗೆ ಮೀಸೆ ಅಣ್ಣ ಲಾರಿ ಇಳಿದು ಬಂದು ನೋಡಿದ.

ಆ ದಾರ ನನಗೆ ಗೊತ್ತಿತ್ತು, ಅಕ್ಕಾ. ಮೊದಲ ದಿನವೇ ನೋಡಿದ್ದೆ. ಮೆಲ್ಲಗೆ ಎತ್ತಿ ಬಾಯಲ್ಲಿ ಕಚ್ಚಿಕೊಂಡು, ಮುಚ್ಚಳ ತೆಗೆದು, ತಿಂದು, ಮತ್ತೆ ಇದ್ದ ಹಾಗೇ ಅಡ್ಡಕ್ಕೆ ಇಡುತ್ತಿದ್ದೆ. ಎಂಟು ದಿನ ನೀನು ದಾರ ನೋಡಿ ತಲೆ ಕೆರೆದುಕೊಂಡಿದ್ದೀಯ, ನಾನು ಮಂಚದ ಕೆಳಗಿನಿಂದ ನಿನ್ನನ್ನು ನೋಡಿದ್ದೇನೆ. ಒಂಬತ್ತನೆಯ ದಿನ ಸೀನು ಬಂತು, ದಾರ ಹಾರಿಹೋಯಿತು, ಸಿಕ್ಕಿಬಿದ್ದೆ. ಕದ್ದು ತಿನ್ನುವುದನ್ನು ನೀನು ಕಲಿಸಲಿಲ್ಲ. ಅದರಲ್ಲಿ ನಾನು ನಿನ್ನ ಗುರು. ಅಪ್ಪ ಹೊಟ್ಟೆ ಹಿಂಡಿದ್ದು ನೋವಾಯಿತು, ನಿಜ, ಇವತ್ತಿಗೂ ಆಗುತ್ತದೆ. ಆದರೆ ಅದು ನಿನ್ನ ಕೈಯಲ್ಲ. ಮೂವತ್ತೈದು ವರ್ಷ ಸುಮ್ಮನೆ ಹೊತ್ತಿದ್ದೀಯ, ಇಳಿಸಿಬಿಡು. ಇಳಿಸುವುದು ಹೇಗೆಂದು ನನ್ನನ್ನು ಕೇಳು, ಅನುಭವ ಇದೆ.

ನನ್ನ ವರದಿ. ಈಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರೂ ಹೊತ್ತು ಉಣ್ಣುತ್ತಿದ್ದೇನೆ, ಏನೇ ಆಗಿರಲಿ. ಸೋಮವಾರ ಚೀಲ ಬಂತು. ಒಂದು ತಟ್ಟೆಗೆ ನಾಲ್ಕು ತುಂಡು ಹಾಕಿಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂತು, ಚಹಾದ ಜೊತೆ ತಿಂದೆ. ಏಲಕ್ಕಿ ಇದೆ ಅದರಲ್ಲಿ, ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಉಳಿದದ್ದನ್ನು ನಾಯಿಗೆ ಹಾಕಿದೆ. ಈ ಸಲ ನಿಜವಾಗಿ. ಅದಕ್ಕೆ ನಂಬಿಕೆ ಬರಲಿಲ್ಲ, ಮೊದಲು ನನ್ನ ಮುಖ ನೋಡಿತು. ಬುಧವಾರ ಎಲ್ಲ ತಲೆಕೆಳಗಾಯಿತು, ಪೂರ್ತಿ ಚೀಲ ಮುಗಿಸಿದೆ. ಆದರೆ ರಾತ್ರಿ ಊಟ ಬಿಡಲಿಲ್ಲ. ಅದು ಎಷ್ಟು ಕಷ್ಟ ಎಂದು ನಿನಗೆ ಹೇಳಿದರೆ ಗೊತ್ತಾಗುವುದಿಲ್ಲ. ಹೊಟ್ಟೆ ಬಿರಿಯುವಷ್ಟು ತಿಂದವನು ಎಂಟು ಗಂಟೆಗೆ ತಟ್ಟೆ ಹಾಕಿಕೊಂಡು ಮರ್ಯಾದೆಯಾಗಿ ಎರಡು ತುತ್ತು ಉಣ್ಣುವುದು. ಉಂಡೆ. ಗುರುವಾರ ಚೀಲ ಬಂದಾಗ ಅಷ್ಟೊಂದು ಕರೆಯಲಿಲ್ಲ ಅದು.

ತೂಕ ನೋಡಿಲ್ಲ. ಸಾಹೇಬರ ಲೆಕ್ಕದಲ್ಲಿ ನನಗೂ ಒಂದಿಷ್ಟು ಹೆಚ್ಚುಕಮ್ಮಿ ಬಿಟ್ಟುಕೊಂಡಿದ್ದೇನೆ. ಮೀರಿದರೆ ಸರಿ ಮಾಡುವುದು.

ಶನಿವಾರ ಹೊರಡುತ್ತೇನೆ. ಭಾವನಿಗೆ ತಮಾಷೆ ಮಾಡಲು ಅನುಮತಿ ಇದೆ.

ಗುಂಡ


ಜೂನ್ 14

ಗುಂಡಾ,

ನೀನು ಹೋದ ಮೇಲೆ ಅಂಗಡಿ ಬಿಕೋ ಅನ್ನುತ್ತಿದೆ, ಎರಡು ಕಿಟಕಿ ಇದ್ದರೂ. ಔಷಧಿ ಅಂಗಡಿಯವರು ಇವತ್ತೂ ಬಂದಿದ್ದರು. ನೀನು ಅವರಿಗೆ, "ನಿಂತಿಲ್ಲ ಸರ್, ಹತ್ತಿ ಇಳಿದು ಮಾಡ್ತಿದೀನಿ" ಎಂದೆಯಲ್ಲ, ಅದನ್ನು ತಮ್ಮ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಾರಂತೆ.

ಹೊಸ ಅಂಗಿ ಕಳಿಸಿದ್ದೇನೆ. ಸೊಂಟ ಮೂವತ್ತಾರೂವರೆ, ನೀನು ಉಸಿರು ಬಿಟ್ಟು ನಿಂತಾಗ ಬಂದ ಅಳತೆ. ಒಳಗೆ ಎರಡೂ ಪಕ್ಕ ಬಟ್ಟೆ ಬಿಟ್ಟಿದ್ದೇನೆ. ಅನುಮಾನ ಪಡಬೇಡ, ನಾನು ಎಲ್ಲರಿಗೂ ಬಿಡುತ್ತೇನೆ, ಕಡ್ಡಿಯಂಥವರಿಗೂ.

ಒಂದು ವಿಷಯ ಕೇಳಬೇಕು. ಬೈಯಬೇಡ. ಅಂಗಡಿ ತೆಗೆದ ದಿನ ಬಂದವರಿಗೆಂದು ಬಿಸ್ಕತ್ತು ತಂದು ಡಬ್ಬಿ ತುಂಬಿಸಿಟ್ಟಿದ್ದೆ. ರೇಗಿಸುವುದಕ್ಕೆ, ನೀನು ನೋಡಲಿ ಎಂದೇ, ಮುಚ್ಚಳದ ಮೇಲೆ ಅಡ್ಡಕ್ಕೆ ಒಂದು ಬಿಳಿ ದಾರ ಇಟ್ಟೆ. ಆಮೇಲೆ ಜನ ಬಂದು, ಆ ಗಲಾಟೆಯಲ್ಲಿ ಮರೆತೇಹೋಯಿತು, ಡಬ್ಬಿ ಯಾರಿಗೂ ಕೊಡಲೂ ಇಲ್ಲ. ನಿನ್ನೆ ನೋಡಿದರೆ ದಾರ ಇದ್ದ ಹಾಗೇ ಇದೆ. ಆದರೆ ಒಳಗೆ ಎರಡು ಬಿಸ್ಕತ್ತು ಕಡಿಮೆ ಇದೆ. ಭಾವನನ್ನು ಕೇಳಿದರೆ ಮೇಜಿನ ಕಾಲು ನೋಡುತ್ತಾ ನಗುತ್ತಾರೆ ಅಷ್ಟೇ.

ಅಕ್ಕ


ಜೂನ್ 20

ಅಕ್ಕಾ,

ನಾನೇ. ಎರಡೇ. ಭಾನುವಾರ ಸಂಜೆ ಎಲ್ಲರೂ ಹೋದ ಮೇಲೆ, ನಿನ್ನ ಹೊಸ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು, ತಟ್ಟೆಯಲ್ಲಿ ಹಾಕಿಕೊಂಡು, ಭಾವನ ಎದುರಿಗೇ ಕೂತು ತಿಂದೆ. ಅವರಿಗೂ ಬೇಕೇ ಎಂದು ಕೇಳಿದೆ, ಹಲ್ಲುನೋವು ಎಂದರು.

ದಾರ ಮತ್ತೆ ಇಟ್ಟಿದ್ದು ಬರೀ ಅಭ್ಯಾಸಬಲ.

ಗುಂಡ